ಹೊಸ ಮಿಡ್‌ಸೈಜ್ ಎಸ್‌ಯುವಿ: ಬೆಲೆಪಟ್ಟಿಯಿಂದ ಆರನೇ ವರ್ಷದವರೆಗೆ

ಹೊಸ ಮಾಡೆಲ್ ಬಂದ ವಾರವೆಲ್ಲ ಮಾತು ಎರಡೇ ವಿಷಯದ ಸುತ್ತ ತಿರುಗುತ್ತದೆ. ಆರಂಭಿಕ ಬೆಲೆ ಎಷ್ಟು? ಸ್ಕ್ರೀನ್ ಎಷ್ಟು ಇಂಚು? ಆದರೆ ಆ ಆರಂಭಿಕ ಬೆಲೆಯ ವೇರಿಯಂಟೇ ನಿಮಗೆ ಬೇಕಾದದ್ದು ಆಗಿರುವುದು ಅಪರೂಪ. ಆ ಸ್ಕ್ರೀನ್ ಆರನೇ ವರ್ಷದಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಬ್ರೋಷರ್ ಹೇಳುವುದಿಲ್ಲ.

ಆರನೇ ವರ್ಷವೇ ಯಾಕೆ? ಅಷ್ಟು ಹೊತ್ತಿಗೆ ಬಹುತೇಕ ಗಾಡಿಗಳ ಮಾಮೂಲಿ ವಾರಂಟಿ ಮುಗಿದಿರುತ್ತದೆ. ಒಂದು ಸೆಟ್ ಟೈರ್ ಸವೆದಿರುತ್ತದೆ. ಬ್ಯಾಟರಿ ಬದಲಾಗಿರುತ್ತದೆ. ಹೊಸತನದ ಹೊಳಪು ಹೋಗಿ, ಗಾಡಿ ನಿಜವಾಗಿ ಎಂಥದ್ದು ಅನ್ನೋದು ಗೊತ್ತಾಗುವ ಕಾಲ ಅದು. ಅವತ್ತೂ ಈ ಗಾಡಿ ನಿಮಗೆ ಹಿಡಿಸಬೇಕು, ಅದನ್ನು ಸಾಕುವ ಖರ್ಚು ನಿಮಗೆ ಭಾರ ಆಗಬಾರದು. ಕೆಳಗಿನ ಹೆಜ್ಜೆಗಳನ್ನೆಲ್ಲ ಆ ಕಡೆಯಿಂದ ನೋಡಿ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮ ಓಡಾಟವನ್ನು ಬರೆದಿಟ್ಟುಕೊಳ್ಳಿ

ಬ್ರೋಷರ್ ತೆರೆಯುವ ಮುಂಚೆ ಒಂದು ಹಾಳೆ ತಗೊಳ್ಳಿ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಅದರಲ್ಲಿ ಊರೊಳಗೆ ನಿಂತು ನಿಂತು ಹೋಗುವುದು ಎಷ್ಟು, ಹೆದ್ದಾರಿ ಎಷ್ಟು? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುವ ಯೋಚನೆ? ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಎಷ್ಟು ವಾರಂಟಿ ಅನ್ನುವ ದೊಡ್ಡ ತೀರ್ಮಾನಗಳೆಲ್ಲ ಈ ಉತ್ತರಗಳಿಂದಲೇ ಬರುತ್ತವೆ. ಅಂದಾಜಿಗೆ ಬರೆಯಬೇಡಿ. ಈಗಿರುವ ಗಾಡಿಯ ಓಡೋಮೀಟರ್ ನೋಡಿ ಲೆಕ್ಕ ಹಾಕಿ. ನಾವು ಅಂದುಕೊಂಡದ್ದಕ್ಕೂ ನಿಜಕ್ಕೂ ಎಷ್ಟೋ ಸಲ ದೊಡ್ಡ ವ್ಯತ್ಯಾಸ ಇರುತ್ತದೆ.

ಗಾತ್ರವನ್ನೂ ಈಗಲೇ ನೋಡಿಬಿಡಿ. ಮಿಡ್‌ಸೈಜ್ ಅನ್ನುವುದಕ್ಕೆ ಜಗತ್ತಿನಲ್ಲಿ ಒಂದೇ ಅಳತೆ ಇಲ್ಲ. ಭಾರತದಲ್ಲಿ ಸುಮಾರು 4.3 ಮೀಟರ್ ಉದ್ದದ ಹ್ಯುಂಡೈ ಕ್ರೆಟಾ ಈ ಗುಂಪಿನದು. ಅಮೆರಿಕದಲ್ಲಿ 4.9 ಮೀಟರ್ ದಾಟಿದ ಟೊಯೋಟಾ ಹೈಲ್ಯಾಂಡರ್ ಕೂಡ ಇದೇ ಗುಂಪಿನದು. ಹಾಗಾಗಿ ಹೆಸರು ಬಿಟ್ಟು ಟೇಪ್ ಹಿಡಿಯಿರಿ. ನಿಲ್ಲಿಸುವ ಜಾಗದ ಉದ್ದ ಅಗಲ ಅಳೆಯಿರಿ. ಬಾಗಿಲು ತೆರೆಯಲು ಪಕ್ಕದಲ್ಲಿ ಎಷ್ಟು ಉಳಿಯುತ್ತದೆ, ಡಿಕ್ಕಿಯ ಬಾಗಿಲು ಮೇಲೆದ್ದಾಗ ಚಾವಣಿಗೆ ತಾಗುತ್ತದಾ, ಅದನ್ನೂ ನೋಡಿ.

ಡಿಕ್ಕಿಯ ಲೀಟರ್ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಯುರೋಪಿನ ವಿಡಿಎ ಪದ್ಧತಿಯಲ್ಲಿ ಒಂದೊಂದು ಲೀಟರಿನ ಚಿಕ್ಕ ಪೆಟ್ಟಿಗೆಗಳನ್ನು ಜೋಡಿಸಿ ಅಳೆಯುತ್ತಾರೆ. ಒಂದು ಕಂಪನಿ ಸೀಟಿನ ಬೆನ್ನಿನ ಮಟ್ಟದವರೆಗೆ ಅಳೆದರೆ, ಇನ್ನೊಂದು ಚಾವಣಿಯವರೆಗೆ ಅಳೆದು ದೊಡ್ಡ ಸಂಖ್ಯೆ ಹೇಳಬಹುದು. ನಿಮ್ಮದೇ ದೊಡ್ಡ ಸೂಟ್‌ಕೇಸ್ ತಗೊಂಡು ಹೋಗಿ ಇಟ್ಟು ನೋಡುವುದೇ ಸರಿ.

ಹೆಜ್ಜೆ 2: ಬೆಲೆಪಟ್ಟಿಯನ್ನು ಬಿಡಿಸಿ ಓದಿ

ಅತಿ ಕಡಿಮೆ ವೇರಿಯಂಟಿನ ಬೆಲೆಯನ್ನು 100 ಅಂದುಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಮೇಲಿನ ತುದಿಯ ವೇರಿಯಂಟ್ 160, 180ರ ಹತ್ತಿರ ಹೋಗುತ್ತದೆ. ಹೆಸರು ಒಂದೇ ಆದರೂ ಕೈಗೆ ಬರುವ ಗಾಡಿ ಬೇರೆಯೇ. ಅದಕ್ಕೇ ಆರಂಭಿಕ ಬೆಲೆಯನ್ನು ಇನ್ನೊಂದು ಕಂಪನಿಯ ಆರಂಭಿಕ ಬೆಲೆಯ ಜತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಹೀಗೆ ಮಾಡಿ. ವೇರಿಯಂಟ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಎರಡರ ನಡುವೆ ಬೆಲೆ ಎಷ್ಟು ಏರಿತು ಎಂದು ಗುರುತು ಹಾಕಿ. ಅದರ ಮುಂದೆ, ಆ ಏರಿಕೆಗೆ ಏನೇನು ಸಿಕ್ಕಿತು ಎಂದು ಬರೆಯಿರಿ. ಈಗ ಪ್ರತಿ ವಸ್ತುವಿನ ಎದುರು ಒಂದೇ ಪ್ರಶ್ನೆ: ಇದನ್ನು ಬೇರೆಯಾಗಿ ಮಾರಿದ್ದರೆ ನಾನು ಕೊಳ್ಳುತ್ತಿದ್ದೆನಾ? ನಿಮಗೆ ಬೇಕಾದ ಒಂದು ವಸ್ತುವನ್ನು ಬೇಡದ ಐದರ ಜತೆ ಕಟ್ಟಿ ಮೇಲಿನ ಮೆಟ್ಟಿಲಲ್ಲಿ ಇಟ್ಟಿರುವುದು ಆಗ ಕಣ್ಣಿಗೆ ಬೀಳುತ್ತದೆ. ಹಿಂಬದಿ ವೈಪರ್ ಬೇಕು, ಆದರೆ ಅದು ಸನ್‌ರೂಫ್ ಇರುವ ವೇರಿಯಂಟಿನಲ್ಲೇ ಸಿಗುತ್ತದೆ. ಆಟೋಮ್ಯಾಟಿಕ್ ಬೇಕು, ಅದು ಮೇಲಿನ ಎರಡು ವೇರಿಯಂಟಿಗೆ ಮಾತ್ರ. ಇಂಥ ಕಡೆ ಆ ಒಂದು ವಸ್ತುವಿಗಾಗಿ ಒಟ್ಟು ಎಷ್ಟು ಕೊಡುತ್ತಿದ್ದೀರಿ ಅನ್ನೋದು ಅಂಕಿಯಲ್ಲಿ ನಿಮ್ಮ ಮುಂದೆ ಇರಬೇಕು.

ಬಿಡುಗಡೆಯ ಬೆಲೆ ಎಷ್ಟೋ ಸಲ ಪರಿಚಯದ ಬೆಲೆ. ಇಂತಿಷ್ಟು ಬುಕಿಂಗ್‌ವರೆಗೆ, ಇಂಥ ದಿನದವರೆಗೆ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ಬುಕ್ ಮಾಡಿದ ದಿನದ ಬೆಲೆಯೋ, ಡೆಲಿವರಿ ದಿನದ ಬೆಲೆಯೋ ಎಂದು ಬರವಣಿಗೆಯಲ್ಲಿ ಕೇಳಿ. ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಎಂದೂ ಕೇಳಿ.

ಆಮೇಲೆ ಪೂರ್ತಿ ಕೊಟೇಶನ್ ತರಿಸಿಕೊಳ್ಳಿ. ಗಾಡಿಯ ಬೆಲೆ, ತೆರಿಗೆ, ನೋಂದಣಿ, ವಿಮೆ, ವಾರಂಟಿ, ಆಕ್ಸೆಸರಿ, ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಇದರಲ್ಲಿ ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂದು ಪ್ರತಿ ಸಾಲಿಗೂ ಕೇಳಿ. ವಿಮೆಗೆ ಹೊರಗೂ ಒಂದು ದರ ಕೇಳಿ ನೋಡಿ. ಫ್ಲೋರ್ ಮ್ಯಾಟ್, ಬಾಡಿ ಕೋಟಿಂಗ್, ಬಂಪರ್ ಮೂಲೆಗಳಂಥ ಪ್ಯಾಕೇಜ್‌ಗಳನ್ನು ಅವಸರದಲ್ಲಿ ಒಪ್ಪಿಕೊಳ್ಳಬೇಡಿ. ಇವು ಯಾವಾಗ ಬೇಕಾದರೂ ಹೊರಗೆ ಸಿಗುತ್ತವೆ.

ಸಾಲ ತೆಗೆಯುವವರು ತಿಂಗಳ ಕಂತನ್ನು ನೋಡಿ ಸಮಾಧಾನ ಪಡುತ್ತಾರೆ. ಅಲ್ಲೇ ಗಾಡಿ ದುಬಾರಿ ಆಗುವುದು. 100 ರೂಪಾಯಿ ಸಾಲಕ್ಕೆ ವರ್ಷಕ್ಕೆ 9% ಬಡ್ಡಿ ಎಂದುಕೊಳ್ಳೋಣ. 5 ವರ್ಷಕ್ಕಾದರೆ ತಿಂಗಳ ಕಂತು ಸುಮಾರು 2.08, ಒಟ್ಟು ಬಡ್ಡಿ ಸುಮಾರು 24.5. 7 ವರ್ಷಕ್ಕೆ ಎಳೆದರೆ ಕಂತು 1.61ಕ್ಕೆ ಇಳಿಯುತ್ತದೆ, ಬಡ್ಡಿ 35ಕ್ಕೆ ಏರುತ್ತದೆ. ಇನ್ನೊಂದು ತೊಂದರೆಯೂ ಇದೆ. ಮೂರು ವರ್ಷ ಕಟ್ಟಿದ ಮೇಲೂ 7 ವರ್ಷದ ಸಾಲದಲ್ಲಿ ಸುಮಾರು 65 ಬಾಕಿ ಇರುತ್ತದೆ, 5 ವರ್ಷದ ಸಾಲದಲ್ಲಿ 45. ಗಾಡಿಯ ಬೆಲೆ ಮೊದಲ ವರ್ಷಗಳಲ್ಲೇ ಜಾಸ್ತಿ ಇಳಿಯುತ್ತದೆ. ಮಧ್ಯದಲ್ಲಿ ಮಾರಬೇಕಾಗಿ ಬಂದರೆ, ಬರುವ ಹಣಕ್ಕಿಂತ ಬಾಕಿಯೇ ಹೆಚ್ಚಿರಬಹುದು. 5 ವರ್ಷದ ಕಂತು ಕಷ್ಟ ಅನ್ನಿಸಿದರೆ ಒಂದು ವೇರಿಯಂಟ್ ಕೆಳಗಿಳಿಯಿರಿ ಅಂತಲೇ ನಾನು ಹೇಳುತ್ತೇನೆ.

ಹೆಜ್ಜೆ 3: ಫೀಚರ್‌ಗಳನ್ನು ಮೂರು ಗುಂಪು ಮಾಡಿ

ಮೊದಲ ಗುಂಪು, ಆಮೇಲೆ ಹಾಕಿಸಲು ಆಗದವು. ಏರ್‌ಬ್ಯಾಗ್, ಗಾಡಿ ಜಾರದಂತೆ ಹಿಡಿಯುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಒಳ್ಳೆಯ ಹೆಡ್‌ಲ್ಯಾಂಪ್, ಹಿಂದಿನ ಸೀಟಿಗೆ ಎಸಿ, ಹಿಂದಿನ ನಡುವಿನ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಮತ್ತು ಹೆಡ್‌ರೆಸ್ಟ್, ಮಗುವಿನ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ, ಎತ್ತರ ಹೊಂದಿಸುವ ಡ್ರೈವರ್ ಸೀಟು. ಹಣವನ್ನು ಇಲ್ಲಿ ಹಾಕಿ.

ಎರಡನೆಯದು, ಆಮೇಲೆ ಹಾಕಿಸಬಹುದಾದವು. ಸ್ಪೀಕರ್, ಡ್ಯಾಶ್‌ಕ್ಯಾಮ್, ಸೀಟ್ ಕವರ್, ಬಣ್ಣದ ಲೈಟು. ಇವುಗಳಿಗಾಗಿ ಮೇಲಿನ ವೇರಿಯಂಟಿಗೆ ಹೋಗುವುದು ಸುಮ್ನೆ ಖರ್ಚು.

ಮೂರನೆಯ ಗುಂಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇವು ಬೇಗ ಮುಪ್ಪಾಗುವ ಫೀಚರ್‌ಗಳು. ಮೊಬೈಲ್ ಆ್ಯಪ್‌ನಿಂದ ಗಾಡಿ ಸ್ಟಾರ್ಟ್ ಮಾಡುವುದು, ಕಾರಿನೊಳಗಿನ ಇಂಟರ್‌ನೆಟ್, ಧ್ವನಿಯಲ್ಲಿ ಆಜ್ಞೆ ಕೊಡುವುದು ಎಲ್ಲ ಕಂಪನಿಯ ಸರ್ವರ್ ಮತ್ತು ಮೊಬೈಲ್ ಜಾಲದ ಮೇಲೆ ನಿಂತಿವೆ. 2022ರಲ್ಲಿ ಅಮೆರಿಕದಲ್ಲಿ 3ಜಿ ಜಾಲ ಮುಚ್ಚಿದಾಗ, ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಾರುಗಳ ಕನೆಕ್ಟೆಡ್ ಸೇವೆ ನಿಂತೇಹೋಯಿತು. ಚಂದಾ ಪದ್ಧತಿಯೂ ಇದೆ. ಬಿಎಂಡಬ್ಲ್ಯು 2022ರಲ್ಲಿ ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವುದಕ್ಕೂ ಚಂದಾ ಇಟ್ಟಿತ್ತು. ಜನ ವಿರೋಧಿಸಿದ ಮೇಲೆ ಮುಂದಿನ ವರ್ಷ ಕೈಬಿಟ್ಟಿತು. ಹಾಗಾಗಿ ಯಾವ ಸೇವೆ ಎಷ್ಟು ವರ್ಷ ಉಚಿತ, ಆಮೇಲೆ ವರ್ಷಕ್ಕೆ ಎಷ್ಟು, ಚಂದಾ ಕಟ್ಟದಿದ್ದರೆ ಏನೇನು ನಿಲ್ಲುತ್ತದೆ ಎಂದು ಕೇಳಿಯೇ ಮುಂದೆ ಹೋಗಿ. ನಿಮ್ಮ ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನೋದೂ ಸಣ್ಣ ಪ್ರಶ್ನೆ ಅಲ್ಲ. ಮೊಜಿಲ್ಲಾ ಸಂಸ್ಥೆ 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನಿಯಮಗಳನ್ನು ಪರಿಶೀಲಿಸಿತು. ಒಂದೂ ಪಾಸಾಗಲಿಲ್ಲ.

ಎಸಿ, ಫ್ಯಾನ್, ಧ್ವನಿ ಇವುಗಳಿಗೆ ಒತ್ತುವ ಗುಂಡಿ ಇದೆಯಾ ನೋಡಿ. ಎಲ್ಲವನ್ನೂ ಸ್ಕ್ರೀನಿನೊಳಗೆ ಹಾಕಿದರೆ ರಸ್ತೆಯಿಂದ ಕಣ್ಣು ತೆಗೆಯಬೇಕಾಗುತ್ತದೆ. ಇದು ಬರೀ ಹಳೆಯ ಅಭ್ಯಾಸದವರ ದೂರು ಅಲ್ಲ. ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋಪಿನ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಇವುಗಳಿಗೆ ಬೇರೆ ಗುಂಡಿ ಅಥವಾ ಹಿಡಿಕೆ ಇದ್ದರೆ ಅಂಕ ಕೊಡುತ್ತದೆ.

ದೊಡ್ಡ ಗಾಜಿನ ಸನ್‌ರೂಫ್ ಎಲ್ಲರಿಗೂ ಇಷ್ಟ, ನಿಜ. ಅದರ ನಾಲ್ಕು ಮೂಲೆಯಲ್ಲಿ ನೀರು ಇಳಿದುಹೋಗುವ ಸಣ್ಣ ಕೊಳವೆಗಳಿರುತ್ತವೆ. ಧೂಳು, ಎಲೆ ಕಟ್ಟಿಕೊಂಡರೆ ನೀರು ಕಾರಿನೊಳಗೆ ಬರುತ್ತದೆ. ಸನ್‌ರೂಫ್ ತಗೊಂಡರೆ ಪ್ರತಿ ಸರ್ವಿಸ್‌ನಲ್ಲೂ ಇದನ್ನು ಸ್ವಚ್ಛ ಮಾಡಿಸಿ. ಎತ್ತರದವರು ಹಿಂದೆ ಕೂತು ತಲೆಗೆ ಜಾಗ ಇದೆಯಾ ಎಂದೂ ನೋಡಲಿ.

ಹೆಜ್ಜೆ 4: ಸುರಕ್ಷತೆಯ ನಕ್ಷತ್ರಗಳನ್ನು ಓದುವ ಬಗೆ

ಐದು ನಕ್ಷತ್ರ ಎಂದ ತಕ್ಷಣ ಮೂರು ಪ್ರಶ್ನೆ ಕೇಳಿ. ಯಾವ ಸಂಸ್ಥೆ ಕೊಟ್ಟಿದ್ದು? ಯಾವ ವರ್ಷದ ನಿಯಮ? ಯಾವ ವೇರಿಯಂಟ್ ಪರೀಕ್ಷೆ ಮಾಡಿದ್ದು? 1997ರಲ್ಲಿ ಶುರುವಾದ ಯುರೋ ಎನ್‌ಕ್ಯಾಪ್ ತನ್ನ ನಿಯಮಗಳನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಲೇ ಬಂದಿದೆ. ಹಳೆಯ ಐದು ನಕ್ಷತ್ರ, ಹೊಸ ಐದು ನಕ್ಷತ್ರ ಸಮ ಅಲ್ಲ. ಒಂದು ದೇಶಕ್ಕೆ ತಯಾರಾದ ಗಾಡಿಯ ಅಂಕ ಇನ್ನೊಂದು ದೇಶದ ಅದೇ ಹೆಸರಿನ ಗಾಡಿಗೆ ಅನ್ವಯಿಸಲೇಬೇಕು ಅಂತಿಲ್ಲ. ದೊಡ್ಡವರ ಅಂಕ, ಮಕ್ಕಳ ಅಂಕ ಬೇರೆ ಬೇರೆ ಇರುತ್ತದೆ, ಎರಡನ್ನೂ ಓದಿ. ಪರೀಕ್ಷೆಯಲ್ಲಿ ಬಾಡಿಯ ರಚನೆ ಸ್ಥಿರ ಎಂದು ಬಂತಾ, ಅಸ್ಥಿರ ಎಂದಾ, ಅದನ್ನೂ ಬಿಡದೆ ನೋಡಿ. ಏರ್‌ಬ್ಯಾಗಿನ ಸಂಖ್ಯೆಗಿಂತ ಮೊದಲು ಬರುವ ವಿಷಯ ಅದು.

ಅಡಾಸ್ (ಕ್ಯಾಮೆರಾ, ರೇಡಾರ್ ಬಳಸಿ ಡ್ರೈವರ್‌ಗೆ ನೆರವಾಗುವ ವ್ಯವಸ್ಥೆ) ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ತನ್ನಷ್ಟಕ್ಕೆ ಬ್ರೇಕ್ ಹಾಕುವ ಸೌಲಭ್ಯಕ್ಕೆ ಹಣ ಕೊಡಬಹುದು. ಎಚ್ಚರಿಕೆಯ ಜತೆ ಸ್ವಯಂ ಬ್ರೇಕ್ ಇರುವ ಕಾರುಗಳಲ್ಲಿ ಮುಂದಿನ ಗಾಡಿಗೆ ಗುದ್ದುವ ಅಪಘಾತ ಸುಮಾರು ಅರ್ಧಕ್ಕೆ ಇಳಿದಿದೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಕಂಡುಕೊಂಡಿದೆ. ಲೇನ್ ಹಿಡಿದು ಹೋಗುವ ಸೌಲಭ್ಯ ಬೇರೆ ಮಾತು. ರಸ್ತೆಯಲ್ಲಿ ಬಿಳಿ ಗೆರೆ ಸರಿಯಾಗಿ ಇರದ ಕಡೆ ಅದರಿಂದ ಕಿರಿಕಿರಿಯೇ ಜಾಸ್ತಿ. ವಾಹನ ಎಂಜಿನಿಯರ್‌ಗಳ ಸಂಸ್ಥೆ ಎಸ್‌ಎಇಯ ಮಾನದಂಡದ ಪ್ರಕಾರ ಲೆವೆಲ್ 2 ಅಂದರೆ ಗಾಡಿ ಸಹಾಯ ಮಾಡುತ್ತದೆ ಅಷ್ಟೇ, ಓಡಿಸುವ ಜವಾಬ್ದಾರಿ ಪೂರ್ತಿ ಡ್ರೈವರ್‌ದೇ. ಇಷ್ಟವಿಲ್ಲದ ಸೌಲಭ್ಯವನ್ನು ಒಂದೇ ಗುಂಡಿಯಲ್ಲಿ ಆಫ್ ಮಾಡಲು ಬರುತ್ತದಾ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಮತ್ತೆ ಆನ್ ಆಗುತ್ತದಾ ಎಂದು ನೋಡಿಕೊಳ್ಳಿ.

ಹೆಜ್ಜೆ 5: ಎಂಜಿನ್ ಮತ್ತು ಗೇರ್‌ಬಾಕ್ಸ್

ಇಡೀ ಕೊಳ್ಳುವಿಕೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಸೀಟಿನ ಬಣ್ಣ ಹಿಡಿಸದಿದ್ದರೆ ಹೊಂದಿಕೊಳ್ಳಬಹುದು. ತಪ್ಪು ಎಂಜಿನ್ ಪ್ರತಿ ದಿನ, ಪ್ರತಿ ಬಂಕಿನಲ್ಲಿ ನೆನಪಾಗುತ್ತದೆ.

ಟರ್ಬೊ (ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ಊರೊಳಗಿನ ಕಡಿಮೆ ಓಡಾಟಕ್ಕೆ ಸರಿ. ಭಾಗಗಳು ಕಡಿಮೆ, ಖರ್ಚೂ ಕಡಿಮೆ. ಆದರೆ ಈ ಗಾತ್ರದ ಗಾಡಿಯಲ್ಲಿ ಐದು ಜನ, ಪೂರ್ತಿ ಸಾಮಾನು, ಏರು ರಸ್ತೆ ಸೇರಿದರೆ ಏದುಸಿರು ಬಿಡುತ್ತದೆ. ಟರ್ಬೊ ಪೆಟ್ರೋಲ್‌ನಲ್ಲಿ ಆ ಕೊರತೆ ಇಲ್ಲ. ಮೆಲ್ಲಗೆ ಓಡಿಸಿದರೆ ಒಳ್ಳೆ ಮೈಲೇಜೂ ಕೊಡುತ್ತದೆ, ಕಾಲು ಒತ್ತಿದರೆ ಕುಡಿಯುತ್ತದೆ. ಇದರಲ್ಲಿ ಬಹುಪಾಲು ಡೈರೆಕ್ಟ್ ಇಂಜೆಕ್ಷನ್ ಇರುತ್ತದೆ, ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ. ಒಳಬರುವ ವಾಲ್ವ್‌ಗಳನ್ನು ಪೆಟ್ರೋಲ್ ತೊಳೆಯದ ಕಾರಣ ವರ್ಷಗಳಲ್ಲಿ ಅಲ್ಲಿ ಮಸಿ ಕಟ್ಟಬಹುದು. ಸಿಲಿಂಡರಿಗೂ, ವಾಲ್ವ್‌ನ ಮುಂಚೆಯೂ ಪೆಟ್ರೋಲ್ ಚಿಮ್ಮಿಸುವ ಎರಡೂ ಬಗೆಯ ಇಂಜೆಕ್ಟರ್ ಇರುವ ಎಂಜಿನ್‌ಗಳಲ್ಲಿ ಈ ಚಿಂತೆ ಕಡಿಮೆ. ಟರ್ಬೊ ಎಂಜಿನಿಗೆ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಅನ್ನೇ ಹಾಕಿಸಿ. 2020ರಲ್ಲಿ ಬಂದ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆ, ಇಂಥ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಮುಂಚೆಯೇ ಹೊತ್ತಿಕೊಂಡು ಬಡಿಯುವುದನ್ನೂ ಗಮನದಲ್ಲಿಟ್ಟುಕೊಂಡದ್ದು.

ಡೀಸೆಲ್ ದೂರದ ಓಡಾಟದವರಿಗೆ ಈಗಲೂ ಚೆನ್ನ. ಆದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಆಗಾಗ ಹೆದ್ದಾರಿಯ ನಿರಂತರ ಓಟ ಬೇಕು. ದಿನಾ ಐದು ಕಿಲೋಮೀಟರ್ ಹೋಗಿ ನಿಲ್ಲಿಸುವವರಿಗೆ ಡೀಸೆಲ್ ಬೇಡವೇ ಬೇಡ. ಫಿಲ್ಟರ್ ಕಟ್ಟಿಕೊಂಡು ವರ್ಕ್‌ಶಾಪಿಗೆ ಅಲೆಯಬೇಕಾಗುತ್ತದೆ. ಕೆಲವು ಡೀಸೆಲ್‌ಗಳಿಗೆ ಯೂರಿಯಾ ದ್ರಾವಣವನ್ನೂ ತುಂಬಿಸುತ್ತಿರಬೇಕು.

ಹೈಬ್ರಿಡ್ ಅಂದಾಗ ಯಾವ ಹೈಬ್ರಿಡ್ ಎಂದು ಕೇಳಿ. ಮೈಲ್ಡ್ ಹೈಬ್ರಿಡ್‌ನಲ್ಲಿ ಸಣ್ಣ ಮೋಟಾರು ಎಂಜಿನಿಗೆ ಒಂದಿಷ್ಟು ನೆರವು ಕೊಡುತ್ತದೆ, ಅದೊಂದೇ ಗಾಡಿಯನ್ನು ಓಡಿಸುವುದಿಲ್ಲ. ಉಳಿತಾಯವೂ ಚಿಕ್ಕದು. ಪೂರ್ಣ ಹೈಬ್ರಿಡ್ ನಿಧಾನದ ಟ್ರಾಫಿಕ್‌ನಲ್ಲಿ ಆಗಾಗ ಎಂಜಿನ್ ಆಫ್ ಮಾಡಿಯೇ ಓಡುತ್ತದೆ. ಬ್ರೇಕ್ ಹಾಕಿದಾಗ ಮೋಟಾರೇ ವೇಗ ತಗ್ಗಿಸಿ ಬ್ಯಾಟರಿ ತುಂಬುವುದರಿಂದ ಬ್ರೇಕ್ ಪ್ಯಾಡ್ ಕೂಡ ಜಾಸ್ತಿ ದಿನ ಬಾಳುತ್ತದೆ.

ಪೂರ್ಣ ಹೈಬ್ರಿಡ್‌ಗೆ ಹೆಚ್ಚು ಕೊಟ್ಟ ಹಣ ವಾಪಸ್ ಬರುತ್ತದಾ? ಲೆಕ್ಕ ಸುಲಭ. ಎರಡು ವೇರಿಯಂಟಿನ ಬೆಲೆ ವ್ಯತ್ಯಾಸವನ್ನು ಒಂದು ಲೀಟರ್ ಪೆಟ್ರೋಲಿನ ಬೆಲೆಯಿಂದ ಭಾಗಿಸಿ. ಉತ್ತರ 2,000 ಲೀಟರ್ ಬಂತು ಅಂದುಕೊಳ್ಳಿ. ಸಾದಾ ಪೆಟ್ರೋಲ್ ಲೀಟರಿಗೆ 15, ಹೈಬ್ರಿಡ್ 22 ಕಿಲೋಮೀಟರ್ ಕೊಟ್ಟರೆ, ವರ್ಷಕ್ಕೆ 12,000 ಕಿಲೋಮೀಟರ್ ಓಡುವವರಿಗೆ ಉಳಿಯುವುದು ಸುಮಾರು 255 ಲೀಟರ್. ಹಣ ವಾಪಸ್ ಬರಲು ಎಂಟು ವರ್ಷ ಬೇಕು. 25,000 ಓಡುವವರಿಗೆ 530 ಲೀಟರ್ ಉಳಿಯುತ್ತದೆ, ನಾಲ್ಕು ವರ್ಷ ಸಾಕು. ಮೊದಲ ಹೆಜ್ಜೆಯಲ್ಲಿ ಬರೆದಿಟ್ಟ ಕಿಲೋಮೀಟರ್ ಇಲ್ಲಿ ಕೆಲಸಕ್ಕೆ ಬಂತು, ಅಲ್ವಾ?

ಪ್ಲಗ್ ಹಾಕುವ ಹೈಬ್ರಿಡ್ ತಗೊಂಡರೆ ದಿನಾ ಚಾರ್ಜ್ ಮಾಡುವ ಜಾಗ ಇರಲೇಬೇಕು. ಯುರೋಪಿಯನ್ ಕಮಿಷನ್ 2024ರಲ್ಲಿ ರಸ್ತೆಯ ಮೇಲಿನ ಕಾರುಗಳದ್ದೇ ಅಂಕಿಗಳನ್ನು ಪ್ರಕಟಿಸಿತು. ಪೆಟ್ರೋಲ್ ಕಾರುಗಳ ನಿಜವಾದ ಇಂಧನ ಬಳಕೆ ಪರೀಕ್ಷೆಯ ಅಂಕಿಗಿಂತ ಸುಮಾರು 24% ಹೆಚ್ಚು, ಡೀಸೆಲ್‌ನಲ್ಲಿ ಸುಮಾರು 18%. ಪ್ಲಗ್‌ಇನ್ ಹೈಬ್ರಿಡ್‌ನಲ್ಲಿ ಸರಾಸರಿ ಮೂರೂವರೆ ಪಟ್ಟು! ಜನ ಅಂದುಕೊಂಡಷ್ಟು ಚಾರ್ಜ್ ಮಾಡದಿರುವುದೇ ಮುಖ್ಯ ಕಾರಣ. ಕಂಪನಿ ಲೀಟರಿಗೆ 20 ಕಿಲೋಮೀಟರ್ ಎಂದು ಹೇಳಿದ ಪೆಟ್ರೋಲ್ ಗಾಡಿಯನ್ನು 16 ಎಂದು ಹಿಡಿದೇ ನಿಮ್ಮ ಲೆಕ್ಕ ಮಾಡಿ. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಕಡೆ ಇನ್ನೂ ಸ್ವಲ್ಪ ಇಳಿಸಿ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಗಾಡಿ ಎಷ್ಟು ಪ್ರಮಾಣದ ಮಿಶ್ರಣಕ್ಕೆ ತಯಾರಾಗಿದೆ ಎಂದು ಪೆಟ್ರೋಲ್ ಮುಚ್ಚಳದ ಹತ್ತಿರ ಅಥವಾ ಕೈಪಿಡಿಯಲ್ಲಿ ನೋಡಿ.

ಇನ್ನು ಆಟೋಮ್ಯಾಟಿಕ್. ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯ ಪದ್ಧತಿ, ಗಟ್ಟಿ. ನಿಂತು ನಿಂತು ಹೋಗುವ ಟ್ರಾಫಿಕ್‌ಗೂ ಏರಿಗೂ ಒಗ್ಗುತ್ತದೆ. ಗೇರ್‌ಗಳ ಬದಲು ಬೆಲ್ಟ್ ಮೇಲೆ ಕೆಲಸ ಮಾಡುವ ಸಿವಿಟಿ ತುಂಬ ನಯ. ಜೋರಾಗಿ ಒತ್ತಿದಾಗ ಸದ್ದು ಮೊದಲು ಬಂದು ವೇಗ ಆಮೇಲೆ ಬರುವಂತೆ ಅನ್ನಿಸುತ್ತದೆ. ಅದರ ಫ್ಲೂಯಿಡ್ ಯಾವಾಗ ಬದಲಿಸಬೇಕು ಎಂದು ಕೇಳಿ. ಜೀವಮಾನಕ್ಕೂ ಬೇಡ ಎಂದು ಯಾರಾದರೂ ಹೇಳಿದರೆ ಯಾರ ಜೀವಮಾನ ಎಂದು ಕೇಳುವುದು ನ್ಯಾಯವೇ. ಎರಡು ಕ್ಲಚ್ಚಿನ ಡಿಸಿಟಿ ಹೆದ್ದಾರಿಯಲ್ಲಿ ಚುರುಕು. ಇದರಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಒಣ ಕ್ಲಚ್ ಎಂದು ಎರಡು ಬಗೆ. ಒಣ ಕ್ಲಚ್ ತೆವಳುವ ಟ್ರಾಫಿಕ್‌ನಲ್ಲಿ ಬೇಗ ಬಿಸಿಯಾಗುತ್ತದೆ. ದಿನದ ದಾರಿಯೆಲ್ಲ ಜಾಮ್ ಆಗಿದ್ದರೆ ನಾನು ಒಣ ಕ್ಲಚ್ಚಿನದ್ದನ್ನು ತಗೊಳ್ಳಿ ಅನ್ನಲಾರೆ. ಟೊಯೋಟಾ ಮಾದರಿಯ ಹೈಬ್ರಿಡ್‌ನ ಇ-ಸಿವಿಟಿ ಇವೆಲ್ಲಕ್ಕಿಂತ ಬೇರೆ. ಅದರಲ್ಲಿ ಬೆಲ್ಟೇ ಇಲ್ಲ, ಗೇರ್ ಸೆಟ್ ಮತ್ತು ಮೋಟಾರುಗಳಿಂದ ಕೆಲಸ.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹಿಮ, ಕೆಸರು, ಕಚ್ಚಾ ರಸ್ತೆಯವರಿಗೆ. ಉಳಿದವರು ತೂಕ ಹೊತ್ತು ಇಂಧನ ಸುಡುತ್ತಾರೆ. ಅದರಲ್ಲಿ ನಾಲ್ಕು ಟೈರೂ ಹೆಚ್ಚುಕಡಿಮೆ ಒಂದೇ ಸಮ ಸವೆದಿರಬೇಕು ಅನ್ನುವ ನಿಯಮವೂ ಇದೆ. ಒಂದು ಹರಿದರೆ ಒಂದನ್ನೇ ಬದಲಿಸಿ ಸುಮ್ಮನಿರಲು ಆಗದೆ ಇರಬಹುದು.

ಹೆಜ್ಜೆ 6: ಟೆಸ್ಟ್ ಡ್ರೈವ್

ನೀವು ಕೊಳ್ಳುವ ಎಂಜಿನ್, ಗೇರ್‌ಬಾಕ್ಸ್, ಟೈರ್ ಅಳತೆಯ ಗಾಡಿಯನ್ನೇ ಕೇಳಿ. ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಖಾಲಿ ಗಾಡಿಯ ಸಸ್ಪೆನ್ಶನ್ ಒಂದು ರೀತಿ, ತುಂಬಿದ ಗಾಡಿಯದು ಇನ್ನೊಂದು. ಜಾಮ್‌ನಲ್ಲಿ ಕಾಲು ಗಂಟೆ ತೆವಳಿಸಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿ, ಹೆದ್ದಾರಿಯಲ್ಲಿ ಎಸಿ ಹಾಕಿ ಓವರ್‌ಟೇಕ್ ಮಾಡಿ ನೋಡಿ. ನೀವು ಒಮ್ಮೆ ಹಿಂದೆ ಕೂತು ಕೆಟ್ಟ ರಸ್ತೆ ದಾಟಿ. ಮಗುವಿನ ಸೀಟಿದ್ದರೆ ಕೂರಿಸಿ ನೋಡಿ. ಸಾಧ್ಯವಾದರೆ ರಾತ್ರಿಯೂ ಓಡಿಸಿ. ಹೆಡ್‌ಲ್ಯಾಂಪಿನ ಯೋಗ್ಯತೆ ಹಗಲಿನ ಶೋರೂಮಿನಲ್ಲಿ ಗೊತ್ತಾಗುವುದಿಲ್ಲ.

ಹೆಜ್ಜೆ 7: ಸಾಕುವ ಖರ್ಚು

ಶೋರೂಮಿಗೆ ಹೋದ ದಿನವೇ ಪಕ್ಕದ ಸರ್ವಿಸ್ ಕೌಂಟರಿಗೂ ಹೋಗಿ. ಮೊದಲ ಐದು ಸರ್ವಿಸ್‌ನ ಅಂದಾಜು ಬರೆದು ಕೊಡಿ ಅನ್ನಿ. ಆಮೇಲೆ ಬಿಡಿಭಾಗದ ಬೆಲೆ ಕೇಳಿ: ಮುಂದಿನ ಬಂಪರ್, ಒಂದು ಹೆಡ್‌ಲ್ಯಾಂಪ್, ಮುಂದಿನ ಗಾಜು, ಪಕ್ಕದ ಕನ್ನಡಿ, ಬ್ರೇಕ್ ಪ್ಯಾಡ್. ಹಳೆಯ ಗಾಡಿಗಳಲ್ಲಿ ಬಲ್ಬ್ ಮಾತ್ರ ಬದಲಿಸುತ್ತಿದ್ದೆವು. ಈಗಿನ ಎಷ್ಟೋ ಎಲ್‌ಇಡಿ ದೀಪಗಳಲ್ಲಿ ಇಡೀ ಲ್ಯಾಂಪನ್ನೇ ಬದಲಿಸಬೇಕು. ಮುಂದಿನ ಗಾಜಿನ ಹಿಂದೆ ಅಡಾಸ್ ಕ್ಯಾಮೆರಾ ಇದ್ದರೆ, ಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಅದಕ್ಕೆ ಬೇರೆ ಬಿಲ್ಲು. ಈ ಹೊಂದಾಣಿಕೆಯ ಉಪಕರಣ ನಿಮಗೆ ಹತ್ತಿರದ ವರ್ಕ್‌ಶಾಪಿನಲ್ಲಿ ಇದೆಯಾ, ವಿಮೆಯಲ್ಲಿ ಅದರ ಖರ್ಚು ಸೇರುತ್ತದಾ, ಎರಡನ್ನೂ ಮುಂಚೆಯೇ ತಿಳಿದುಕೊಳ್ಳಿ.

ಟೈರ್ ಅಳತೆಯಲ್ಲಿ ಮೇಲಿನ ವೇರಿಯಂಟ್ ನಿಮ್ಮ ಜೇಬಿಗೆ ಸದ್ದಿಲ್ಲದೆ ಕೈ ಹಾಕುತ್ತದೆ. 215/60 ಆರ್17 ಅಂದರೆ ಟೈರಿನ ಅಗಲ 215 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ 60%, ರಿಮ್ 17 ಇಂಚು; ಗೋಡೆ ಸುಮಾರು 129 ಮಿಲಿಮೀಟರ್. 215/55 ಆರ್18 ಆದರೆ 118. ದೊಡ್ಡ ಅಲಾಯ್ ನೋಡಲು ಚೆಂದ, ಆದರೆ ಗುಂಡಿಯ ಏಟು ತಡೆಯುವ ರಬ್ಬರ್ ಕಡಿಮೆ. ಟೈರಿನ ಬೆಲೆ ಸಾಮಾನ್ಯವಾಗಿ ಜಾಸ್ತಿ, ರಿಮ್ ಬಾಗುವ ಭಯವೂ ಜಾಸ್ತಿ. ಸ್ಟೆಪ್ನಿ ಪೂರ್ಣ ಅಳತೆಯದಾ, ಚಿಕ್ಕದಾ, ಬರೀ ಪಂಕ್ಚರ್ ಕಿಟ್ಟಾ? ದೂರ ಹೋಗುವವರಿಗೆ ಇದು ದೊಡ್ಡ ಪ್ರಶ್ನೆ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಗಾಡಿಗೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬೇಕು. ಸಾದಾ ಬ್ಯಾಟರಿಗಿಂತ ಬೆಲೆ ಹೆಚ್ಚು, ಅಗ್ಗದ್ದು ಹಾಕಿಸಿದರೆ ಬೇಗ ಸಾಯುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಯ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಸಾಮಾನ್ಯ. ಎಷ್ಟು ಶಕ್ತಿ ಕುಂದಿದರೆ ಬದಲಿಸಿ ಕೊಡುತ್ತಾರೆ ಅನ್ನುವ ಸಾಲನ್ನು ಹುಡುಕಿ ಓದಿ.

ವಾರಂಟಿ ಪುಸ್ತಕವನ್ನು ಕೊಳ್ಳುವ ಮುಂಚೆಯೇ ಕೇಳಿ ಓದಿ. ವರ್ಷ ಮತ್ತು ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ಸ್ಕ್ರೀನ್, ಬ್ಯಾಟರಿ, ಸಸ್ಪೆನ್ಶನ್ ಬುಶ್‌ಗಳಿಗೆ ಬೇರೆ ಗಡುವು ಇರಬಹುದು. ಎಲೆಕ್ಟ್ರಾನಿಕ್ಸ್ ತುಂಬಿದ ಹೊಸ ಗಾಡಿಗೆ ವಿಸ್ತರಿಸಿದ ವಾರಂಟಿ ತಗೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ನಿಲುವು. ಆದರೆ ಅದು ಕಂಪನಿಯದ್ದಾ, ಬೇರೆ ಯಾರದ್ದೋ ವಿಮಾ ಯೋಜನೆಯಾ ನೋಡಿ. ಗಾಡಿ ಮಾರಿದರೆ ಮುಂದಿನವರಿಗೆ ವರ್ಗ ಆಗುತ್ತದಾ ಎಂದೂ ನೋಡಿ.

ಹೆಜ್ಜೆ 8: ಹೊಚ್ಚ ಹೊಸ ಮಾಡೆಲ್, ಈಗಲೇ ಬೇಕಾ?

ಹೊಸ ಮಾಡೆಲ್‌ನಲ್ಲಿ ನಿಜವಾಗಿ ಹೊಸತು ಯಾವುದು ಎಂದು ಬೇರೆ ಮಾಡಿ. ಬಾಡಿ ಹೊಸದು, ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಅದೇ ಕಂಪನಿಯ ಬೇರೆ ಕಾರಿನಲ್ಲಿ ನಾಲ್ಕೈದು ವರ್ಷ ಓಡಿದ್ದಾದರೆ ಅಪಾಯ ಕಡಿಮೆ. ಆ ಹಳೆಯ ಕಾರಿನ ಮಾಲೀಕರನ್ನು ಮಾತಾಡಿಸಿದರೆ ಹೊಸ ಗಾಡಿಯ ಮುಂದಿನ ಕತೆ ಅರ್ಧ ಗೊತ್ತಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಮೂರೂ ಹೊಸತಾದರೆ ಆರು ತಿಂಗಳಿಂದ ಒಂದು ವರ್ಷ ಕಾಯುವುದು ಜಾಣತನ.

ಕಾಯಬೇಕು ಅನ್ನುವುದಕ್ಕೆ ಕಾರಣಗಳಿವೆ. ಹೋಂಡಾ ಸಿಆರ್-ವಿಯ 1.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ, ಚಳಿಪ್ರದೇಶದ ಚಿಕ್ಕ ಓಡಾಟದಲ್ಲಿ ಪೆಟ್ರೋಲ್ ಹೋಗಿ ಆಯಿಲ್‌ಗೆ ಸೇರುವ ದೂರು 2018ರಲ್ಲಿ ದೊಡ್ಡದಾಯಿತು. ಕಂಪನಿ ಅಮೆರಿಕದಲ್ಲಿ ವಾರಂಟಿ ವಿಸ್ತರಿಸಬೇಕಾಯಿತು. ಪ್ಯೂಜೊ 3008ರಂಥ ಗಾಡಿಗಳಲ್ಲಿದ್ದ 1.2 ಪ್ಯೂರ್‌ಟೆಕ್ ಎಂಜಿನ್‌ನ ಎಣ್ಣೆಯಲ್ಲಿ ಓಡುವ ಟೈಮಿಂಗ್ ಬೆಲ್ಟ್ ಮುಂಚೆಯೇ ಸವೆಯುವ ತೊಂದರೆಗೆ, ಪ್ಯೂಜೊದ ಮಾಲೀಕ ಕಂಪನಿ ಸ್ಟೆಲ್ಲಾಂಟಿಸ್ 2024ರಲ್ಲಿ ಯುರೋಪಿನಲ್ಲಿ 10 ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ರಕ್ಷಣೆ ಕೊಟ್ಟಿತು. ಎರಡೂ ತೊಂದರೆ ಟೆಸ್ಟ್ ಡ್ರೈವ್‌ನಲ್ಲಿ ಕಾಣುವಂಥದ್ದಲ್ಲ. ರಸ್ತೆಯಲ್ಲಿ ಓಡಿ ಓಡಿಯೇ ಹೊರಬಂದವು. ಟೈಮಿಂಗ್ ಬೆಲ್ಟಾ, ಚೈನಾ, ಬೆಲ್ಟಾದರೆ ಯಾವಾಗ ಬದಲಿಸಬೇಕು ಅನ್ನುವ ಪ್ರಶ್ನೆಯನ್ನು ಇನ್ನು ಮುಂದೆ ನೀವು ಮರೆಯುವುದಿಲ್ಲ ಎಂದುಕೊಳ್ಳುತ್ತೇನೆ.

ಕಾಯಲು ಆಗದವರು ಮಾಲೀಕರ ಗುಂಪುಗಳಲ್ಲಿ ದೂರುಗಳನ್ನು ಓದಿ. ಒಬ್ಬರ ಕೋಪದ ಬರಹಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಬೇರೆ ಊರಿನ ಹತ್ತು ಜನ ಒಂದೇ ಭಾಗದ ಬಗ್ಗೆ, ಒಂದೇ ಲಕ್ಷಣ ಹೇಳುತ್ತಿದ್ದರೆ ಅದನ್ನು ಗಂಭೀರವಾಗಿ ತಗೊಳ್ಳಿ. ಕಂಪನಿ ಅದಕ್ಕೆ ಏನು ಮಾಡಿತು, ಭಾಗ ಬದಲಿಸಿತಾ, ಸಾಫ್ಟ್‌ವೇರ್ ಅಪ್‌ಡೇಟ್ ಎಂದು ದಿನ ತಳ್ಳಿತಾ ಎಂದು ನೋಡಿ. ತೊಂದರೆ ಬಂದಾಗ ಕಂಪನಿ ನಡೆದುಕೊಳ್ಳುವ ರೀತಿಯನ್ನೂ ನೀವು ಗಾಡಿಯ ಜತೆಗೇ ಕೊಳ್ಳುತ್ತಿದ್ದೀರಿ.

ಹೆಜ್ಜೆ 9: ಡೆಲಿವರಿ ಮತ್ತು ಮೊದಲ ತಿಂಗಳು

ನೋಂದಣಿಗೆ ಮುಂಚೆ, ಹಗಲು ಬೆಳಕಿನಲ್ಲಿ ಗಾಡಿ ನೋಡಿ. ನೋಂದಣಿ ಆದ ಮೇಲೆ ಬದಲಿಸಿ ಕೊಡಿ ಅನ್ನುವುದು ಬಹಳ ಕಷ್ಟ. ಚಾಸಿಯ ಮೇಲಿನ 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಇನ್‌ವಾಯ್ಸ್‌ನದ್ದಕ್ಕೆ ಹೊಂದಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3525 ಎಂದಿದ್ದರೆ 2025ರ 35ನೇ ವಾರದಲ್ಲಿ ತಯಾರಾದ ಟೈರ್. ನಾಲ್ಕು ಟೈರ್ ಮತ್ತು ಸ್ಟೆಪ್ನಿ ಎಲ್ಲವನ್ನೂ ನೋಡಿ. ಅವುಗಳ ನಡುವೆ ಬಹಳ ಅಂತರ ಇದ್ದರೆ ಕಾರಣ ಕೇಳಿ. ಬಣ್ಣದಲ್ಲಿ ವ್ಯತ್ಯಾಸ, ಬಾಗಿಲಿನ ಸಂದು, ಗಾಜಿನ ಮೇಲಿನ ಗುರುತು, ಓಡೋಮೀಟರ್, ಎರಡೂ ಕೀ, ಜಾಕ್, ಎಲ್ಲ ದೀಪ, ಎಲ್ಲ ಕಿಟಕಿ, ಎಲ್ಲ ಕ್ಯಾಮೆರಾ ಒಂದೊಂದಾಗಿ ನೋಡಿ. ಅವಸರ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮೊದಲ ಸಾವಿರ ಕಿಲೋಮೀಟರ್ ಎಂಜಿನ್ ಅನ್ನು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಪೂರ್ತಿ ಒತ್ತಲೂಬೇಡಿ. ನಿಮ್ಮ ಗಾಡಿಗೆ ನಿಖರವಾದ ನಿಯಮ ಕೈಪಿಡಿಯಲ್ಲಿದೆ. ಏನಾದರೂ ಸದ್ದು, ಎಚ್ಚರಿಕೆಯ ದೀಪ ಬಂದರೆ ವಿಡಿಯೊ ಮಾಡಿಟ್ಟುಕೊಳ್ಳಿ. ವರ್ಕ್‌ಶಾಪಿಗೆ ಹೋದಾಗಲೇ ಅದು ಅಡಗಿ ಕೂರುತ್ತದೆ. ದೂರನ್ನು ಬಾಯಿಮಾತಲ್ಲಿ ಬಿಡದೆ ಜಾಬ್ ಕಾರ್ಡಿನಲ್ಲಿ ಬರೆಸಿ. ವಾರಂಟಿ ಮುಗಿಯುವ ಹೊತ್ತಿಗೆ, ಈ ತೊಂದರೆ ಮೊದಲಿಂದ ಇತ್ತು ಎಂದು ತೋರಿಸಲು ಆ ಕಾಗದವೇ ಬೇಕು.

ವಿಐಎನ್ ಹಾಕಿ ರೀಕಾಲ್ ಇದೆಯಾ ಎಂದು ಆರು ತಿಂಗಳಿಗೊಮ್ಮೆ ಕಂಪನಿಯ ಜಾಲತಾಣದಲ್ಲಿ ನೋಡುತ್ತಿರಿ. ಟಕಾಟಾ ಏರ್‌ಬ್ಯಾಗ್ ರೀಕಾಲ್‌ನಲ್ಲಿ ಜಗತ್ತಿನಾದ್ಯಂತ ಏರ್‌ಬ್ಯಾಗನ್ನು ಉಬ್ಬಿಸುವ ಸುಮಾರು 10 ಕೋಟಿ ಇನ್‌ಫ್ಲೇಟರ್‌ಗಳನ್ನು ಬದಲಿಸಲು ಕರೆದರು. ಕಂಪನಿ ಕಳಿಸಿದ ಪತ್ರ ಹಳೆಯ ವಿಳಾಸಕ್ಕೆ ಹೋಗಿ, ಗಾಡಿ ಹಾಗೇ ಓಡುತ್ತಿರುವುದು ಎಲ್ಲಿ ಬೇಕಾದರೂ ಆಗಬಹುದು. ಮನೆ ಅಥವಾ ಫೋನ್ ನಂಬರ್ ಬದಲಾದರೆ ಸರ್ವಿಸ್ ಸೆಂಟರಿನಲ್ಲೂ ಬದಲಿಸಿ.